ಇಸ್ಮೆ ತಾಂತಿಯ ಬಿಲ್ಲೆ ಕೆಲಸಕ್ಕೆ ಹೋದದ್ದು

ಇಸ್ಮೆ ಜಾಯಿಕಾಯಿ ಗೋದಾಮಿನ ಮೆಟ್ಟಿಲ ಮೇಲೆ ಬಿದ್ದಿದ್ದರೆ ಇಷ್ಟೆಲ್ಲ ನಡೆಯುತ್ತಲೇ ಇರಲಿಲ್ಲ. ಕೆಲಸದ ಜಾಗದಲ್ಲಿ ಬಿದ್ದವರನ್ನು ನೋಡಿಕೊಳ್ಳುವ ಭಾರ ಗೋದಾಮಿನದು. ಆದರೆ ಅವಳು ಬಿದ್ದದ್ದು ಕುಣಿಯುವಾಗ. ಜೂನ್ ಕೊನೆಯ ಮೀನುಗಾರರ ಹಬ್ಬ. ಪಾದ್ರಿಗಳು ದೋಣಿಗಳಿಗೆ ನೀರು ಚಿಮುಕಿಸಿ ಹೋಗಿದ್ದರು, ದೋಣಿ ಪಂದ್ಯ ಮುಗಿದಿತ್ತು, ಗ್ರೆನಡಾ ದ್ವೀಪದ ಬೆಲ್ ಆನ್ಸ್ ಊರಿನ ಕಡಲ ಬೀದಿಯಲ್ಲಿ ಡೋಲು ಶುರುವಾಗಿತ್ತು. ಐವತ್ತೊಂಬತ್ತರ ಇಸ್ಮೆ ಹಳದಿ ಲಂಗವನ್ನು ಮೊಳಕಾಲಿನ ಮೇಲಕ್ಕೆ ಸಿಕ್ಕಿಸಿಕೊಂಡು, ತನ್ನ ಅರ್ಧ ವಯಸ್ಸಿನ ಹುಡುಗಿಯರು ನಾಚುವ ಹಾಗೆ ಕುಣಿಯುತ್ತಿದ್ದಳು. ಯಾರೋ ಮೀನು ತೊಳೆದ ನೀರು ಚೆಲ್ಲಿದ್ದರು. ಕಾಲು ಜಾರಿತು, ಸೊಂಟದ ಕೀಲು ಲಟಕ್ಕೆಂದಿತು. ಡೋಲಿನವನಿಗೆ ಅದೂ ಕುಣಿತದ ಒಂದು ವರಸೆ ಅನಿಸಿ ಇನ್ನೂ ಜೋರಾಗಿ ಬಾರಿಸಿದನಂತೆ. ಊರಿಗೆ ಊರೇ ಅದನ್ನು ನೋಡಿತ್ತು. ಬೇರೆ ಎಲ್ಲೋ ಬಿದ್ದೆ ಎಂದು ಹೇಳಿಕೊಳ್ಳುವ ಹಾಗೂ ಇರಲಿಲ್ಲ.

ಗೋದಾಮಿನಲ್ಲಿ ಇಸ್ಮೆ ಕಾಯಿ ಆರಿಸುವವಳು. ಒಣಗಿಸಿ ಒಡೆದ ಜಾಯಿಕಾಯಿ ಉದ್ದನೆಯ ಮೇಜಿನ ಮೇಲೆ ರಾಶಿ ಬೀಳುತ್ತದೆ. ಚಿಪ್ಪು ತೆಗೆಯಬೇಕು, ಹುಳುಕು ಎಸೆಯಬೇಕು, ದಪ್ಪದ್ದನ್ನೂ ಸಣ್ಣದ್ದನ್ನೂ ಬೇರೆ ಬೇರೆ ತಟ್ಟೆಗೆ ಹಾಕಬೇಕು. ತುಂಬಿದ ತಟ್ಟೆಯನ್ನು ತಕ್ಕಡಿಯ ಬಳಿ ಒಯ್ದು, ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಅದರ ಮೇಲಿಟ್ಟರೆ, ತಕ್ಕಡಿಯ ಆಲ್ಬನ್ ತೂಗಿ ಆ ಬಿಲ್ಲೆಯ ಹೆಸರಿಗೆ ಬರೆದುಕೊಳ್ಳುತ್ತಾನೆ. ಆಲ್ಬನ್ ಬಿಲ್ಲೆ ನೋಡುತ್ತಾನೆ, ತಂದವರ ಮುಖ ನೋಡುವುದಿಲ್ಲ. ತೂಕಕ್ಕೆ ತಕ್ಕ ಕೂಲಿ.

ಇಷ್ಟು ವರ್ಷದಲ್ಲಿ ಜಾಯಿಕಾಯಿಯ ವಾಸನೆ ಅವಳ ಬೆರಳಿಗೆ, ತಲೆಬಟ್ಟೆಗೆ ಎಷ್ಟು ಹತ್ತಿತ್ತೆಂದರೆ ಚರ್ಚಿನಲ್ಲಿ ಅವಳ ಹಿಂದಿನ ಬೆಂಚಿನವರಿಗೆ ಪ್ರಾರ್ಥನೆಯ ನಡುವೆ ಕ್ರಿಸ್‌ಮಸ್ ಕೇಕು ನೆನಪಾಗುತ್ತಿತ್ತು. ಹಾಗೆಂದು ಮೇಜಿನಲ್ಲಿ ಅವಳೇನೂ ಚುರುಕಿನವಳಲ್ಲ. ಕೈಗಿಂತ ಬಾಯಿ ಮುಂದು. ಒಂದು ಕಾಯಿ ಎತ್ತಿ ತಟ್ಟೆಗೆ ಹಾಕುವಷ್ಟರಲ್ಲಿ ಊರಿನ ಒಂದು ಮದುವೆ ಕುದುರಿಸಿ, ಇನ್ನೊಂದನ್ನು ಮುರಿದು ಮುಗಿಸುತ್ತಿದ್ದಳು. ಚಿಕ್ಕ ವಯಸ್ಸಿನವರೆಲ್ಲ ಅವಳನ್ನು ಚಿಕ್ಕಮ್ಮ ಅನ್ನುವ ಅರ್ಥದಲ್ಲಿ ತಾಂತಿ ಎಂದು ಕರೆಯುತ್ತಿದ್ದರು, ಅವಳ ಪಕ್ಕದ ಜಾಗಕ್ಕಾಗಿ ಬೆಳಿಗ್ಗೆ ಬೇಗ ಬರುತ್ತಿದ್ದರು. ಆ ಜಾಗ ಸಾಮಾನ್ಯವಾಗಿ ಸಿಗುತ್ತಿದ್ದದ್ದು ಪಕ್ಕದ ಮನೆಯ ಕ್ಲೋತಿಲ್‌ಗೆ. ಕ್ಲೋತಿಲ್‌ಳ ಮಗಳಿಗೆ ಇಸ್ಮೆಯೇ ಧರ್ಮತಾಯಿ. ಹಾಗಾಗಿ ಅವರಿಬ್ಬರೂ ಒಬ್ಬರನ್ನೊಬ್ಬರು ಕರೆಯುತ್ತಿದ್ದದ್ದು ಮಾಕ್ಮೆ ಎಂದು. ಬೀಗಿತ್ತಿಗಿಂತ ಹತ್ತಿರ, ತಂಗಿಗಿಂತ ಜಗಳಗಂಟ ಸಂಬಂಧ ಅದು.

ಗೋದಾಮಿಗೆ ಒಂದು ನಿವೃತ್ತಿ ನಿಧಿ ಇತ್ತು. ಸಂಬಳದಿಂದ ಕೆಲಸದವರದು ಒಂದು ಪಾಲು ಕಡಿದರೆ, ಅಷ್ಟೇ ಪಾಲನ್ನು ಗೋದಾಮು ತನ್ನ ಕಡೆಯಿಂದ ಸೇರಿಸುತ್ತಿತ್ತು. ಒಂದು ತಿಂಗಳೂ ತಪ್ಪದೆ ಇಪ್ಪತ್ತೈದು ವರ್ಷ ತುಂಬಿಸಿದವರಿಗೆ ಬದುಕಿರುವ ತನಕ ತಿಂಗಳು ತಿಂಗಳು ಪಿಂಚಣಿ. ನಡುವೆ ತಪ್ಪಿದರೆ ಕೂಡಿದಷ್ಟನ್ನು ಒಂದೇ ಸಲ ಕೈಗಿಟ್ಟು ಕಳಿಸಿಕೊಡುತ್ತಾರೆ. ಇಸ್ಮೆಗೆ ಇಪ್ಪತ್ತೈದು ತುಂಬಲು ಒಂದು ವರ್ಷಕ್ಕೂ ಕಡಿಮೆ ಉಳಿದಿತ್ತು.

ಆ ತಿಂಗಳ ಪಿಂಚಣಿಯ ಮೇಲೆ ಅವಳ ಜೀವವೆಲ್ಲ ಇತ್ತು. ಅವಳನ್ನು ಸಾಕಿ ಬೆಳೆಸಿದ ಧರ್ಮತಾಯಿಯೂ ಇದೇ ಮೇಜಿನಲ್ಲಿ ಬೆನ್ನು ಬಗ್ಗಿಸಿದವಳು, ಆದರೆ ನಿಧಿ ಹುಟ್ಟುವ ಮೊದಲೇ. ಬಿಡುವ ದಿನ ಅವಳಿಗೆ ಒಂದು ಗೋಡೆ ಗಡಿಯಾರ ಕೊಟ್ಟು ಚಪ್ಪಾಳೆ ತಟ್ಟಿದ್ದರು. ಆಮೇಲೆ ಆ ಮುದುಕಿ ಸೋಪು ತೀರಿದಾಗಲೆಲ್ಲ ಯಾರ ಮುಖ ನೋಡಲಿ ಎಂದು ಯೋಚಿಸುತ್ತ ಬಾಗಿಲಲ್ಲಿ ನಿಲ್ಲುತ್ತಿದ್ದದ್ದನ್ನು ಇಸ್ಮೆ ನೋಡಿದ್ದಳು. ನನ್ನ ಸೋಪನ್ನು ನಾನೇ ಕೊಂಡುಕೊಳ್ಳುತ್ತೇನೆ, ಅದೂ ವಾಸನೆಯ ಸೋಪು ಎಂದು ಅವಳು ಮೇಜಿನಲ್ಲಿ ಎಷ್ಟೋ ಸಲ ಹೇಳಿದ್ದುಂಟು.

ಸೇಂಟ್ ಜಾರ್ಜಸ್‌ನ ಆಸ್ಪತ್ರೆಯಲ್ಲಿ ಸೊಂಟಕ್ಕೆ ಕಬ್ಬಿಣ ಹಾಕಿದರು. ಆರು ತಿಂಗಳು ಕೆಲಸದ ಬೆಂಚಿನ ಮೇಲೆ ಕೂರಕೂಡದು ಎಂದು ಡಾಕ್ಟರು ಬರೆದುಕೊಟ್ಟರು. ಸಂಬಳ ಸಿಗುವ ಕಾಯಿಲೆ ರಜೆಯೆಲ್ಲ ಆಸ್ಪತ್ರೆಯ ಮಂಚದ ಮೇಲೆಯೇ ತೀರಿಹೋಯಿತು. ಇನ್ನುಳಿದದ್ದು ಸಂಬಳವಿಲ್ಲದ ರಜೆ.

ಇಸ್ಮೆ ಮನೆಗೆ ಬಂದ ಮೇಲೆ ಆಲ್ಬನ್ ಕೈಯಲ್ಲೊಂದು ಮುಳ್ಳು ರಾಮಫಲ ಹಿಡಿದು ಅವಳನ್ನು ನೋಡಲು ಬಂದ. ಹಣ್ಣನ್ನು ಮೇಜಿನ ಮೇಲಿಟ್ಟು, ಟೋಪಿ ತೆಗೆದು, ಸತ್ತವರ ಮನೆಯಲ್ಲಿ ಮಾತಾಡುವ ದನಿಯಲ್ಲಿ ವಿಷಯ ಹೇಳಿದ. ಕೂಲಿ ಇಲ್ಲದಿದ್ದರೆ ಕಡಿತವಿಲ್ಲ, ಕಡಿತವಿಲ್ಲದಿದ್ದರೆ ನಿಧಿಗೆ ಪಾಲು ಹೋಗುವುದಿಲ್ಲ, ಪಾಲು ಹೋಗದಿದ್ದರೆ ಇಪ್ಪತ್ತೈದು ವರ್ಷದ ಸರಪಳಿ ತುಂಡಾಯಿತು. ಆಲ್ಬನ್ ತಕ್ಕಡಿಯ ಮುಂದೆ ಕೂತವನು. ಅವನು ಹೇಳಿದ್ದೆಲ್ಲ ತೂಗಿ ಹೇಳಿದ್ದು ಎಂದು ಊರು ನಂಬುತ್ತಿತ್ತು. ಇಸ್ಮೆ ಗೋಡೆಯ ಕಡೆ ತಿರುಗಿ ಮಲಗಿದಳು. ಆ ದಿನ ಮಾತಾಡಲಿಲ್ಲ, ಮರುದಿನವೂ ಮಾತಾಡಲಿಲ್ಲ. ಸೊಂಟ ಮುರಿದದ್ದಕ್ಕೆ ಅಷ್ಟಾಗಿ ಹೆದರದ ಓಣಿಯವರು ಇದಕ್ಕೆ ಹೆದರಿದರು.

ಮೂರನೆಯ ದಿನ ಕ್ಲೋತಿಲ್ ಬಂದು ಮಂಚದ ಅಂಚಿಗೆ ಕೂತಳು.

"ಮಾಕ್ಮೆ, ನಿನ್ನ ಬಿಲ್ಲೆ ಎಲ್ಲಿ?"

"ಗೋಣಿತಾಟಿನ ಚೀಲದಲ್ಲಿದೆ. ಯಾಕೆ, ಸತ್ತ ಮೇಲೆ ಕೊರಳಿಗೆ ಕಟ್ಟೋಕಾ?"

"ಬದುಕಿರೋವಾಗ್ಲೇ ಕೆಲಸಕ್ಕೆ ಕಳ್ಸೋಕೆ. ನೀನು ಬರ್ಬೇಡ, ಬಿಲ್ಲೆ ಬರ್ಲಿ ಸಾಕು."

ಬೆಲ್ ಆನ್ಸ್‌ನಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಅವರ ಗೆಣಸಿನ ತೋಟಕ್ಕೆ ಉಳಿದವರು ಇಳಿಯುತ್ತಾರೆ. ಮರೂನ್ ಎನ್ನುತ್ತಾರೆ ಅದಕ್ಕೆ, ಮುಯ್ಯಾಳು ಕೆಲಸವೇ. ಕೂಲಿ ಇಲ್ಲ, ಊಟ ಉಂಟು, ಮುಂದೊಂದು ದಿನ ಕೈಗೆ ಕೈ ತೀರಿಸಬೇಕು. ಅಗೆದವರು ಯಾರೇ ಆಗಲಿ, ಗೆಣಸು ತೋಟದವರದು. ಆ ಬಗ್ಗೆ ಯಾರೂ ಎಂದೂ ಪ್ರಶ್ನೆ ಎತ್ತಿದ್ದಿಲ್ಲ. ಹಾಗಿದ್ದ ಮೇಲೆ ಜಾಯಿಕಾಯಿಯ ತಟ್ಟೆಗೆ ಬೇರೆ ನ್ಯಾಯ ಯಾಕಿರಬೇಕು? ಮೇಜಿನ ಹೆಂಗಸರು ಸರದಿಯ ಮೇಲೆ ಒಂದೊಂದು ತಟ್ಟೆಯನ್ನು ಇಸ್ಮೆಯ ಬಿಲ್ಲೆ ಇಟ್ಟು ತೂಗಿಸುವುದು, ಕೂಲಿ ಬಂದಾಗ ನಿಧಿಯ ಕಡಿತ ಹೋಗಿ ಉಳಿದದ್ದನ್ನು ಅವರವರೇ ಹಂಚಿಕೊಳ್ಳುವುದು ಎಂದು ಮಾತಾಯಿತು. ಇಸ್ಮೆಗೂ ಇದು ಸರಿ ಕಂಡಿತು. ಅವಳೇ ಚೀಲಕ್ಕೆ ಕೈ ಹಾಕಿ, ಬಿಲ್ಲೆಯನ್ನು ಲಂಗಕ್ಕೆ ಒರೆಸಿ ಫಳಫಳ ಮಾಡಿ ಕೊಟ್ಟಳು. ಆಲ್ಬನ್ ಮೊದಲ ದಿನ ಆ ಬಿಲ್ಲೆ ನೋಡಿ ಒಮ್ಮೆ ಕೆಮ್ಮಿದನಂತೆ. ಆಮೇಲೆ ಕೆಮ್ಮೂ ಬರಲಿಲ್ಲ.

ಎಲ್ಲ ನೆಟ್ಟಗೇ ಹೋಗುತ್ತಿತ್ತು. ಕೆಡಿಸಿದ್ದು ಆ ಊರಿನ ಹಳೆಯ ಜಂಬ. ಮರೂನಿಗೆ ಹೋದವರು ತಮ್ಮ ತೋಟದಲ್ಲಿ ಹೇಗೆ ಬೇಕಾದರೂ ಅಗೆದಾರು, ಇನ್ನೊಬ್ಬರ ತೋಟದಲ್ಲಿ ಮಾತ್ರ ಸಾಲು ದಾರ ಹಿಡಿದ ಹಾಗೆ ನೇರ ಇರಬೇಕು. ಇಲ್ಲದಿದ್ದರೆ ಊಟಕ್ಕೆ ಕೂತಾಗ ಸೌಟು ಹಿಡಿದವಳು ಕೇಳುವಂತೆ ಹೇಳುತ್ತಾಳೆ, ಕೋಳಿ ಕೆದಕಿದ ಸಾಲು ಯಾರದು ಎಂದು. ಗೋದಾಮಿನಲ್ಲೂ ಹಾಗೇ ಆಯಿತು. ತನ್ನ ಬಿಲ್ಲೆಯ ತಟ್ಟೆಯಲ್ಲಿ ನಾಲ್ಕು ಹುಳುಕು ಕಾಯಿ ಉಳಿದರೂ ಹೋಗಲಿ ಎನ್ನುತ್ತಿದ್ದವಳು ಇಸ್ಮೆಯ ತಟ್ಟೆಗೆ ಬಂದಾಗ ಒಂದೊಂದು ಕಾಯಿಯನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ನಿನ್ನೆಯವಳು ತುಂಬಿಸಿದ್ದಕ್ಕಿಂತ ಇವತ್ತು ಒಂದು ಹಿಡಿ ಹೆಚ್ಚು ಇರಲೇಬೇಕು. ನಾಳೆಯವಳು ಸುಮ್ಮನಿರುತ್ತಾಳೆಯೆ? ಮೊದಲು ಒಂದು ತಟ್ಟೆ ಎಂದದ್ದು ಒಂದೂವರೆಯಾಯಿತು, ಎರಡಾಯಿತು. ಹೀಗೆ ಇಸ್ಮೆ ಮಂಚದ ಮೇಲೆ ಕಾಲು ಚಾಚಿ ಅವರೆಕಾಳು ಬಿಡಿಸುತ್ತ ರೇಡಿಯೋ ಕೇಳುತ್ತಿದ್ದ ಹೊತ್ತಿನಲ್ಲಿ ಅವಳ ಬಿಲ್ಲೆ ಇಡೀ ದ್ವೀಪದ ಗೋದಾಮುಗಳನ್ನೆಲ್ಲ ಹಿಂದೆ ಹಾಕಿತು.

ಗೋದಾಮುಗಳನ್ನೆಲ್ಲ ನಡೆಸುವ ಪಟ್ಟಣದ ಕಚೇರಿಯವರು ಆ ವರ್ಷವೇ ಹೊಸದಾಗಿ ಬಹುಮಾನ ಇಟ್ಟಿದ್ದರು. ಮೂರು ತಿಂಗಳಿಗೊಮ್ಮೆ ಅತ್ಯುತ್ತಮವಾಗಿ ಆರಿಸಿದವರಿಗೆ ಒಂದು ಸೈಕಲ್ಲು. ಅದನ್ನು ಪಿಕಪ್ಪಿನಲ್ಲಿ ಹಾಕಿಕೊಂಡು ಬಂದವನು ಕರ್ವಿನ್ ಎಂಬ ಚಿಕ್ಕ ವಯಸ್ಸಿನ ಅಧಿಕಾರಿ. ಸಣ್ಣ ಕಚೇರಿಯಾದ್ದರಿಂದ ಬಹುಮಾನ, ರಜೆ, ನಿವೃತ್ತಿ ನಿಧಿ ಎಲ್ಲವೂ ಅವನ ಒಂದೇ ಮೇಜಿನ ಮೇಲೆ ಬೀಳುತ್ತಿದ್ದವು. ಕೆಂಪು ಸೈಕಲ್ಲು, ಹ್ಯಾಂಡಲಿಗೆ ರಿಬ್ಬನ್ನು. ಇಸ್ಮೆ ಎಲ್ಲಿ ಎಂದು ಅವನು ಕೇಳಿದಾಗ ಒಬ್ಬಳು ಕಕ್ಕಸಿಗೆ ಹೋಗಿದ್ದಾಳೆ ಎಂದಳು, ಅದೇ ಉಸಿರಿನಲ್ಲಿ ಇನ್ನೊಬ್ಬಳು ಸಾವಿನ ಮನೆಗೆ ಎಂದಳು, ಮೂರನೆಯವಳು ಎರಡನ್ನೂ ಹೇಗೋ ಹೊಂದಿಸಲು ಹೋಗಿ ಬಾಯಿ ಮುಚ್ಚಿಕೊಂಡಳು. ಆಲ್ಬನ್ ತಕ್ಕಡಿಯ ತಟ್ಟೆಯನ್ನು ಒರೆಸಲು ಶುರುಮಾಡಿದ. ಪರವಾಗಿಲ್ಲ, ಮನೆಗೇ ಒಯ್ದು ಕೊಡುತ್ತೇನೆ ಎಂದು ಕರ್ವಿನ್ ಖುಷಿಯಿಂದಲೇ ಪಿಕಪ್ಪು ತಿರುಗಿಸಿದ.

ಕ್ಲೋತಿಲ್ ಹಿತ್ತಲ ಬಾಗಿಲಿನಿಂದ ಜಾರಿ, ಕೊರಕಲಿನ ಅಡ್ಡದಾರಿ ಹಿಡಿದು ಓಡಿದಳು. ಓಡಲು ಹುಟ್ಟಿದ ಮೈಯಲ್ಲ ಅವಳದು. ಅವಳು ಇಸ್ಮೆಯ ಮಂಚದ ಬಳಿ ತಲುಪುವುದೂ ಪಿಕಪ್ಪು ರಸ್ತೆಯಲ್ಲಿ ನಿಲ್ಲುವುದೂ ಹೆಚ್ಚು ಕಡಿಮೆ ಒಟ್ಟಿಗೇ ಆಯಿತು.

"ಎದ್ದು ಕೂತ್ಕೋ ಮಾಕ್ಮೆ. ನೀನು ಈಗ ತಾನೇ ಕೆಲಸದಿಂದ ಬಂದಿದೀಯ."

"ಯಾವ ಕೆಲಸದಿಂದ?"

"ಮಾತಾಡ್ಬೇಡ. ಸುಸ್ತಾಗಿರೋ ಥರ ಇರು."

"ಮಲಗೇ ಇದೀನಲ್ಲೇ, ಇನ್ನೆಷ್ಟು ಸುಸ್ತಾಗ್ಲಿ?"

ಕರ್ವಿನ್ ಸೈಕಲ್ಲನ್ನು ಹೊಸ್ತಿಲು ದಾಟಿಸಿ ಒಳಗೇ ತಳ್ಳಿಕೊಂಡು ಬಂದ. ಮಿಸ್ ಇಸ್ಮೆಯಷ್ಟು ಅಚ್ಚುಕಟ್ಟಾಗಿ, ಇಷ್ಟು ತೂಕ ಆರಿಸಿದವರು ಗ್ರೆನಡಾದಲ್ಲೇ ಯಾರೂ ಇಲ್ಲ ಎಂದು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಮಾತನ್ನು ಹೇಳಿದ. ಇಸ್ಮೆ ಸೈಕಲ್ಲು ನೋಡಿದಳು. ದಿಂಬಿನ ಮೇಲಿದ್ದ ತನ್ನ ಕಾಲು ನೋಡಿದಳು. ನಗು ಎಲ್ಲಿಂದ ಹುಟ್ಟಿತೋ, ಎರಡೂ ಕೈಯಲ್ಲಿ ಸೊಂಟ ಹಿಡಿದುಕೊಂಡು ಕಣ್ಣೀರು ಬರುವಷ್ಟು ನಕ್ಕಳು.

"ಮಗಾ, ಇದನ್ನ ಹತ್ತೋಕೆ ಏಣಿನೂ ತಂದಿದೀಯಾ?"

ಕರ್ವಿನ್ ಕೂಡ ನಗಲು ಹೊರಟವನು, ಮಂಚಕ್ಕೆ ಒರಗಿಸಿದ್ದ ನಾಲ್ಕು ಕಾಲಿನ ಊರುಗೋಲು ನೋಡಿ ನಿಂತ. ಈ ಹೆಸರಿನ ಡಾಕ್ಟರ ಚೀಟಿಯೊಂದು ತನ್ನ ಮೇಜಿಗೆ ಬಂದದ್ದು, ತಾನೇ ಅದಕ್ಕೆ ಮುದ್ರೆ ಒತ್ತಿದ್ದು ಈಗ ನೆನಪಾಗಿ ಬಾಯಿಬಿಟ್ಟು ಹೇಳಿದ. ಅದು ಬೇರೆ ಇಸ್ಮೆ ಇರಬೇಕು ಎಂದು ಕ್ಲೋತಿಲ್ ಮೇಲುಸಿರು ಬಿಡುತ್ತಲೇ ಹೇಳಿದಳು. ಗೋದಾಮಿನಲ್ಲಿ ಇನ್ನೊಬ್ಬ ಇಸ್ಮೆ ಇದ್ದಾಳೆಯೆ ಎಂದು ಅವನು ಕೇಳಿದ. ಇರಬಾರದು ಎಂದು ಎಲ್ಲಿದೆ ಎಂದಳು ಕ್ಲೋತಿಲ್.

"ಸುಮ್ನಿರು ಮಾಕ್ಮೆ," ಎಂದಳು ಇಸ್ಮೆ. ನಗು ಇಳಿದಿತ್ತು.

ನಡೆದದ್ದನ್ನೆಲ್ಲ ಅವಳೇ ಹೇಳಿದಳು. ಮರೂನ್ ಎಂದದ್ದು, ಬಿಲ್ಲೆ ಕೊಟ್ಟದ್ದು, ಯಾವುದನ್ನೂ ಬಿಡಲಿಲ್ಲ. ಕರ್ವಿನ್ ಸೈಕಲ್ಲಿನ ಹ್ಯಾಂಡಲು ಹಿಡಿದೇ ಕೇಳಿದ. ಕಾಯಿಲೆ ರಜೆಯ ಮೇಲಿರುವವರ ಹೆಸರಲ್ಲಿ ತೂಕ ಹಾಕಿಸುವುದು ಕೆಲಸ ಕಳೆದುಕೊಳ್ಳುವಂಥ ತಪ್ಪು. ತಟ್ಟೆ ಹೊತ್ತವರು ಯಾರು ಯಾರು ಎಂದು ಬರೆದುಕೊಂಡು ಮೇಲಕ್ಕೆ ತಿಳಿಸದೆ ತನಗೆ ದಾರಿಯಿಲ್ಲ ಎಂದ. ಹೇಳುವಾಗ ಅವನ ದನಿಯೇ ಅವನಿಗೆ ಹಿಡಿಸಿದ ಹಾಗೆ ಕಾಣಲಿಲ್ಲ.

ಇಸ್ಮೆ ಹಾಸಿಗೆಯ ಅಂಚನ್ನು ನೀವಿ ನೆಟ್ಟಗೆ ಮಾಡಿದಳು. ಸೋಪಿಗಾಗಿ ಬಾಗಿಲಲ್ಲಿ ನಿಂತ ಮುದುಕಿ ಕಣ್ಣ ಮುಂದೆ ಬಂದು ಹೋದಳೋ ಏನೋ.

"ಬಿಲ್ಲೆ ನಂದು, ಕೊಟ್ಟೋಳು ನಾನು. ನಂಗೆ ಪಿಂಚಣಿ ಬೇಡ ಅಂತ ಬರ್ಕೋ, ರುಜು ಹಾಕ್ತೀನಿ. ಅವರ ಹೆಸರು ಮಾತ್ರ ಬರೀಬೇಡ ಮಗಾ."

ಕ್ಲೋತಿಲ್ ಅತ್ತ ತಿರುಗಿ ಏಪ್ರನ್ನಿನಲ್ಲಿ ಮೂಗು ಒರೆಸಿಕೊಂಡಳು. ಕರ್ವಿನ್‌ಗೆ ಅರ್ಥವಾಗದ ಒಂದು ವಿಷಯ ಉಳಿದಿತ್ತು. ಇಷ್ಟೊಂದು ಪಾಡು ಯಾಕೆ ಪಟ್ಟಿರಿ ಎಂದು ಕೇಳಿದ. ಕೂಲಿ ಇಲ್ಲದೆ ಕಡಿತ ಹೇಗಾಗುತ್ತದೆ, ಬೇರೆ ದಾರಿ ಏನಿತ್ತು ಎಂದು ಇಬ್ಬರೂ ಅವನನ್ನೇ ಕೇಳಿದರು. ಅವನು ಸೈಕಲ್ಲನ್ನು ಗೋಡೆಗೆ ಒರಗಿಸಿ ಕುರ್ಚಿಯ ಮೇಲೆ ಕುಸಿದ.

"ಮಿಸ್ ಇಸ್ಮೆ, ಸಂಬಳ ಇಲ್ಲದ ಕಾಯಿಲೆ ರಜೆಯಲ್ಲಿ ಇರೋರು ತಮ್ಮ ಪಾಲನ್ನ ಕೈಯಿಂದ ಕಟ್ಬಹುದು. ಕಟ್ಟಿದ್ರೆ ಗೋದಾಮು ತನ್ನ ಪಾಲು ಹಾಕ್ಲೇಬೇಕು. ರಜೆ ಮುಗಿಯೋದ್ರೊಳಗೆ ಕಟ್ಟಿದ್ರೆ ಆಯ್ತು, ಒಂದು ತಿಂಗಳೂ ತಪ್ಪಿದ ಲೆಕ್ಕ ಅಲ್ಲ. ನಾನೇ ಬಂದು ಸಭೆ ಮಾಡಿ ಹೇಳಿದ್ನಲ್ಲ."

"ಯಾವಾಗ?"

"ಹೋದ ವರ್ಷ. ಮಧ್ಯಾಹ್ನ ಊಟ ಆದ್ಮೇಲೆ."

ಹೆಂಗಸರಿಬ್ಬರೂ ಮುಖ ಮುಖ ನೋಡಿಕೊಂಡರು.

"ಅವತ್ತು ಏನಡುಗೆ?" ಎಂದು ಕೇಳಿದಳು ಕ್ಲೋತಿಲ್.

"ಆಯಿಲ್ ಡೌನ್."

"ಹಾಗಾದ್ರೆ ಯಾರೂ ಕೇಳಿಲ್ಲ ಬಿಡು."

ದೀವಿಹಲಸು, ಕೆಸುವಿನೆಲೆ, ಉಪ್ಪುಮಾಂಸವನ್ನು ತೆಂಗಿನ ಹಾಲಿನಲ್ಲಿ, ಹಾಲೆಲ್ಲ ಇಂಗಿ ಎಣ್ಣೆ ತಳಕ್ಕೆ ಇಳಿಯುವವರೆಗೆ ಬೇಯಿಸಿದ್ದನ್ನು ಹೊಟ್ಟೆ ತುಂಬ ಉಂಡ ಮೇಲೆ ನಿಧಿಯ ನಿಯಮ ಕೇಳಿಸಿಕೊಳ್ಳುವ ಮನುಷ್ಯ ಬೆಲ್ ಆನ್ಸ್‌ನಲ್ಲಿ ಇನ್ನೂ ಹುಟ್ಟಿಲ್ಲ. ಆಲ್ಬನ್ ಅಂತೂ ಅವತ್ತು ಮುಂದಿನ ಸಾಲಿನಲ್ಲೇ ಕೂತು ಗೊರಕೆ ಹೊಡೆದಿದ್ದ.

ಆದರೆ ದಾರಿ ಇತ್ತು ಎಂದು ತಿಳಿದದ್ದರಿಂದ ತಪ್ಪು ಇಲ್ಲದ ಹಾಗಾಗಲಿಲ್ಲ. ಸುಳ್ಳು ತೂಕ ಬರೆಸಿದವಳನ್ನು ನಿಧಿಯಿಂದಲೇ ತೆಗೆದುಹಾಕುವ ಅಧಿಕಾರ ಮೇಲಿನವರಿಗೆ ಇತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿ ನೋಡುತ್ತೇನೆ ಎಂದು ಕರ್ವಿನ್ ಪಟ್ಟಣಕ್ಕೆ ಹೋದ. ಸೈಕಲ್ಲೂ ಅವನ ಜೊತೆಗೇ ಹೋಯಿತು. ಆ ಮೇಲಿನ ದಿನಗಳಲ್ಲಿ ಮೇಜಿನ ಹೆಂಗಸರು ಸರದಿಯ ಮೇಲೆ ಇಸ್ಮೆಯ ಮನೆಗೆ ಬರತೊಡಗಿದರು. ಧೈರ್ಯ ಹೇಳಲು ಬಂದವರು ಅಲ್ಲಿ ಕೂತು ಜಗಳಕ್ಕೆ ಇಳಿಯುತ್ತಿದ್ದರು: ಬಹುಮಾನ ತಂದದ್ದು ಯಾರ ತಟ್ಟೆ? ನನ್ನ ಸೋಮವಾರದ್ದು ಎಂದು ಒಬ್ಬಳು, ನನ್ನದರಲ್ಲಿ ಒಂದೇ ಒಂದು ಹುಳುಕಿರಲಿಲ್ಲ ಎಂದು ಇನ್ನೊಬ್ಬಳು. ಕೆಲಸ ಹೋದೀತು ಎಂಬ ಚಿಂತೆಗಿಂತ ಸೈಕಲ್ಲು ಹೋದ ಸಂಕಟವೇ ದೊಡ್ಡದಾಗಿತ್ತು. ಇಸ್ಮೆ ನಗುತ್ತಿದ್ದಳು, ಅವರು ಹೋದ ಮೇಲೆ ರಸ್ತೆಯ ಕಡೆ ಕಿವಿಗೊಟ್ಟು ಮಲಗುತ್ತಿದ್ದಳು. ಪಿಕಪ್ಪಿನ ಸದ್ದು ಬಂದರೆ ಊರುಗೋಲಿಗೆ ಕೈ ಹಾಕುತ್ತಿದ್ದಳು. ಸಾಲದ್ದಕ್ಕೆ ಆ ರಸ್ತೆಯಲ್ಲಿ ಬರುವುದೆಲ್ಲ ಪಿಕಪ್ಪುಗಳೇ.

ಕರ್ವಿನ್ ಬಂದದ್ದು ಒಂದು ಬೆಳಿಗ್ಗೆ, ಗೋದಾಮಿಗೆ. ಈ ಸಲ ಊಟಕ್ಕೆ ಮೊದಲೇ ಎಲ್ಲರನ್ನೂ ನಿಲ್ಲಿಸಿ, ಕೂರಲು ಬಿಡದೆ ಹೇಳಿದ. ಇಸ್ಮೆಯ ಹೆಸರಿನ ತೂಕವೆಲ್ಲ ದುಡಿದವರ ಹೆಸರಿಗೆ ವಾಪಸು ಬರುತ್ತದೆ. ಎಲ್ಲರಿಗೂ ಒಂದು ಎಚ್ಚರಿಕೆ, ಆಲ್ಬನ್‌ಗೆ ಎರಡು. ಬಹುಮಾನ ರದ್ದು. ಇಸ್ಮೆಯನ್ನು ನಿಧಿಯಿಂದ ತೆಗೆಯುವುದಿಲ್ಲ. ನಿಧಿಗೆಂದು ಕಡಿದ ದುಡ್ಡು ಇಸ್ಮೆಯದಲ್ಲವಾದ್ದರಿಂದ ಅದೂ ದುಡಿದವರಿಗೇ ಸೇರಬೇಕು. ಬೇಕಾದವರು ಈಗಲೇ ಬಂದು ತೆಗೆದುಕೊಳ್ಳಬಹುದು, ಬೇಡವಾದವರು ಅದನ್ನು ಇಸ್ಮೆಯ ಪಾಲೆಂದು ಕೈಯಿಂದ ಕಟ್ಟಿದ ಹಾಗೆ ಬರೆಸಬಹುದು.

ಯಾರೂ ಮುಂದೆ ಬರಲಿಲ್ಲ. ಕರ್ವಿನ್ ಮತ್ತೊಮ್ಮೆ ಕೇಳಿದ. ಅಷ್ಟರಲ್ಲಿ ಕ್ಲೋತಿಲ್ ಏಪ್ರನ್ನು ಕಟ್ಟಿಕೊಂಡು ಮೇಜಿಗೆ ಹೋಗಿ ಕೂತಿದ್ದಳು. "ಬರೆದಾಯ್ತಾ ಮಿಸ್ಟರ್ ಕರ್ವಿನ್? ಕಾಯಿ ರಾಶಿ ಬಿದ್ದಿದೆ," ಎಂದಳು. ಒಬ್ಬೊಬ್ಬರಾಗಿ ಎಲ್ಲರೂ ಹೋಗಿ ಕೂತರು.

ರಜೆಯ ಉಳಿದ ತಿಂಗಳುಗಳ ಪಾಲನ್ನು ಇಸ್ಮೆ ಯಾರಿಗೂ ಕಟ್ಟಗೊಡಲಿಲ್ಲ. ಕ್ರಿಸ್‌ಮಸ್ಸಿಗೆಂದು ಕೊಬ್ಬಿಸುತ್ತಿದ್ದ ಹಂದಿಯನ್ನು ಮಾರಿಬಿಟ್ಟಳು. ಆ ವರ್ಷ ಅವಳ ಮನೆಯಲ್ಲಿ ಹಬ್ಬಕ್ಕೆ ಮಾಂಸವಿಲ್ಲವೆಂದು ಓಣಿಯವರೆಲ್ಲ ಒಂದೊಂದು ತುಂಡು ಕಳಿಸಿ, ಕೊನೆಗೆ ಮಾರಿದ ಹಂದಿಗಿಂತ ದೊಡ್ಡ ಹಂದಿ ಅವಳ ಅಡುಗೆಮನೆಯಲ್ಲಿ ಸೇರಿತು ಎನ್ನುವುದು ಬೇರೆ ಮಾತು.

ಹೊಸ ವರ್ಷದಲ್ಲಿ ಅವಳು ಊರುಗೋಲು ಊರಿಕೊಂಡು ಮೇಜಿಗೆ ಮರಳಿದಳು. ಕುರ್ಚಿಗೆ ದಿಂಬು ಕಟ್ಟಿದ್ದರು. ಬಂದವಳೇ ಆರು ತಿಂಗಳು ಕೂಡಿಟ್ಟ ಮಾತನ್ನೆಲ್ಲ ಬಿಚ್ಚಿದಳು. ಊಟದ ಹೊತ್ತಿಗೆ ಮೂರು ಮದುವೆ ಕುದುರಿದ್ದವು, ತಟ್ಟೆ ಅರ್ಧವೂ ತುಂಬಿರಲಿಲ್ಲ. ಆಲ್ಬನ್ ಈಗ ಬಿಲ್ಲೆಯ ಜೊತೆ ಮುಖವನ್ನೂ ನೋಡುತ್ತಿದ್ದ. ಅವಳ ತಟ್ಟೆ ತೂಗಿ, ಮುಳ್ಳು ನಿಂತ ಜಾಗವನ್ನು ಎರಡೆರಡು ಸಲ ನೋಡಿ, "ಇಸ್ಮೆ, ಹಾಸಿಗೆ ಹಿಡಿದಿದ್ದಾಗ ನೀನು ಇನ್ನೂ ಚುರುಕಾಗಿದ್ದೆ," ಎಂದ. ಮೇಜಿಗೆ ಮೇಜೇ ನಕ್ಕಿತು. ಮೇ ತಿಂಗಳಲ್ಲಿ ಅವಳ ಇಪ್ಪತ್ತೈದು ವರ್ಷ ತುಂಬಿದವು.

ಈಗ ಪಿಂಚಣಿ ಬರುತ್ತದೆ. ತಿಂಗಳ ಮೊದಲ ವಾರದಲ್ಲಿ ಅವಳು ಬಸ್ಸು ಹತ್ತಿ ಹೋಗಿ ತಂದುಕೊಳ್ಳುತ್ತಾಳೆ, ಬರುವಾಗ ಕೈಚೀಲದಿಂದ ಗುಲಾಬಿ ಸೋಪಿನ ವಾಸನೆ ಬಸ್ಸಿಗೆಲ್ಲ ಹರಡುತ್ತದೆ. ಉಳಿದ ದಿನಗಳಲ್ಲಿ ಅವಳಿಗೆ ಪುರುಸೊತ್ತಿಲ್ಲ. ಮರೂನಿನ ಕೈಗಳನ್ನು ತೀರಿಸಬೇಕಲ್ಲ. ಒಬ್ಬಳ ಮನೆಯಲ್ಲಿ ಕಾಳು ಬಿಡಿಸುತ್ತಾಳೆ, ಇನ್ನೊಬ್ಬಳ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂರುತ್ತಾಳೆ, ಮತ್ತೊಬ್ಬಳ ಒಲೆಯ ಮೇಲಿನ ಪಾತ್ರೆ ಸೀಯದಂತೆ ನೋಡಿಕೊಳ್ಳುತ್ತಾಳೆ. ಕ್ಲೋತಿಲ್ ಮಾತ್ರ ತನ್ನ ಸರದಿ ಇನ್ನೂ ಬಂದಿಲ್ಲವೆಂದು ಬೇಲಿಯ ಆಚೆಯಿಂದ ದಿನಾ ಬೈಯುತ್ತಾಳೆ. ಅವಸರ ಏನಿದೆ ಮಾಕ್ಮೆ, ನಾನೆಲ್ಲೂ ಹೋಗುವುದಿಲ್ಲ ಎಂದು ಇಸ್ಮೆ ಬೇಲಿಯ ಈಚೆಯಿಂದ ಹೇಳುತ್ತಾಳೆ, ಕುರ್ಚಿಯನ್ನು ಇನ್ನಷ್ಟು ನೆರಳಿಗೆ ಎಳೆದುಕೊಳ್ಳುತ್ತಾಳೆ.